ಕುಚ್ಚಲಕ್ಕಿಗೆ ಹಾಡಿದ ಕುಕ್ಕರ್

ಏಷ್ಯಾ ಖಂಡದ ಗ್ರಾಹಕನ ಮನಸ್ಸು ಎಂಥದ್ದು ಎಂದು ತಿಳಿದುಕೊಳ್ಳಲು ನನಗೆ ತಗಲಿದ ಖರ್ಚು ಒಂದು ಲಕ್ಷದ ಅರುವತ್ತೆಂಟು ಸಾವಿರ ರೂಪಾಯಿ. ಜಾಸ್ತಿಯಾಯಿತು ಎಂದು ಹುಬ್ಬೇರಿಸಬೇಡಿ. ಕಲಿಸಿದ ಕಂಪೆನಿಯವರು ಮೊದಲು ಕೇಳಿದ್ದು ಎರಡು ಲಕ್ಷದ ಮೂವತ್ತಾರು ಸಾವಿರ. ಮಿಕ್ಕದ್ದನ್ನು ನಾನು ಚೌಕಾಶಿ ಮಾಡಿ ಇಳಿಸಿದೆ. ಇದೇ ವಿದ್ಯೆಯನ್ನು ಕಲಿಯಲು ಹುಡುಗರು ಎಲ್ಲೆಲ್ಲಿಂದಲೋ ಮಣಿಪಾಲಕ್ಕೆ ಬಂದು, ಎರಡು ವರ್ಷ ಕೂತು, ನನಗಿಂತ ಎಷ್ಟೋ ಪಾಲು ಹೆಚ್ಚು ಫೀಸು ಕಟ್ಟಿ, ಕೊನೆಗೆ ಟೈ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನನಗೆ ಏಳು ತಿಂಗಳಲ್ಲಿ ಮುಗಿಯಿತು, ಟೈಯ ಖರ್ಚೂ ಉಳಿಯಿತು. ಖರ್ಚಿಗೆ ಕಾರಣವನ್ನೂ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಲಾಭವಿಲ್ಲ. ಒಂದು ಮಧ್ಯಾಹ್ನ ನನಗೆ ಬಡಿಸಿದ ಅನ್ನವನ್ನು ನಾನು ಮರ್ಯಾದೆ ಎಂದು ತಿಳಿದುಕೊಂಡೆ. ಅದು ಬರೀ ಅನ್ನವಾಗಿತ್ತು.

ಕಾಪು ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಅಪ್ಪ ಬಿಟ್ಟು ಹೋದದ್ದಲ್ಲ. ಅಪ್ಪ ಬಿಟ್ಟು ಹೋದದ್ದು ಒಂದು ಸೈಕಲ್, ಅದಕ್ಕೂ ಬ್ರೇಕ್ ಇರಲಿಲ್ಲ. ಅದರ ಹಿಂದೆ ಅಲ್ಯೂಮಿನಿಯಂ ಪಾತ್ರೆಗಳನ್ನು ಗೊಂಚಲು ಕಟ್ಟಿ ಉದ್ಯಾವರದಿಂದ ಎಲ್ಲೂರಿನವರೆಗೆ ಮನೆ ಮನೆ ತಿರುಗಿದವನು ನಾನು. ಚೌಕಾಶಿಯನ್ನು ನನಗೆ ಕಲಿಸಿದವರು ಆ ಮನೆಗಳ ಹೆಂಗಸರು. ಕೊಳ್ಳಬೇಕಾದ ವಸ್ತುವನ್ನು ನೋಡಬಾರದು, ಪಕ್ಕದ್ದನ್ನು ನೋಡಬೇಕು. ಬೆಲೆ ಕೇಳಿದ ಕೂಡಲೇ ಮಾತನಾಡಬಾರದು, ಆಕಾಶ ನೋಡಿ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಯೋಚಿಸಬೇಕು. ಈ ವಿದ್ಯೆಯಿಂದ ನಾನು ಮುಂದೆ ಅಂಗಡಿ ಕೋಣೆಯ ಬಾಡಿಗೆ ಇಳಿಸಿದೆ, ಮಗಳ ಮದುವೆ ಹಾಲಿನ ಬಾಡಿಗೆ ಇಳಿಸಿದೆ, ಉಡುಪಿಯ ಹಲ್ಲಿನ ಡಾಕ್ಟರರೊಬ್ಬರ ಹತ್ತಿರ ಎರಡು ಹಲ್ಲಿನ ಬೆಲೆಗೆ ಮೂರು ಹಲ್ಲು ಕೀಳಿಸಿಕೊಂಡೆ. ಮೂರನೆಯದು ಗಟ್ಟಿಯಾಗಿಯೇ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಆದರೆ ರೇಟು ಒಳ್ಳೆಯದಿತ್ತು.

ಅಂಗಡಿ ನಡೆಯುವುದು ಮಾತ್ರ ಈ ವಿದ್ಯೆಯಿಂದಲ್ಲ. ಅದು ನಡೆಯುವುದು ಒಂದು ವಾಕ್ಯದಿಂದ: "ನಮ್ಮ ಮನೆಯಲ್ಲೂ ಇದೇ ಉಂಟು." ಈ ವಾಕ್ಯವನ್ನು ನಾನು ಸುಮ್ಮನೆ ಹೇಳುವುದಿಲ್ಲ. ಯಾವ ಹೊಸ ವಸ್ತು ಬಂದರೂ ಮೊದಲು ಒಂದು ತಿಂಗಳು ಅದು ನನ್ನ ಹೆಂಡತಿ ಸುಮತಿಯ ಅಡುಗೆಮನೆಯಲ್ಲಿ ಇರಬೇಕು. ಅವಳ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಅವಳು ತುಳುವಿನಲ್ಲಿ "ಆವು" ಎನ್ನುತ್ತಾಳೆ, ಆಗಬಹುದು ಎಂದರ್ಥ. ಫೇಲಾದದ್ದಕ್ಕೆ "ಬೇಡ" ಎನ್ನುತ್ತಾಳೆ. ಮೂರನೆಯ ಮಾತು ಇಲ್ಲ. ತಾನಾಗಿಯೇ ಚಪಾತಿ ಮಾಡುವ ಯಂತ್ರ, ಬಸಳೆಯನ್ನು ಹೂವಿನಂತೆ ಕತ್ತರಿಸುವ ಚೀನಾದ ಕತ್ತಿ, ಅಂಟದ ಕಾವಲಿಗಳ ಪೈಕಿ ಅಂಟಿದ ಕಾವಲಿಗಳು, ಎಲ್ಲವೂ ಅವಳ ಕೈಯಲ್ಲಿ ಬೇಡವಾಗಿ ಹಿಂದೆ ಹೋಗಿವೆ. ಈಗಿನ ಕಾಲದಲ್ಲಿ ಪಾತ್ರೆ ವ್ಯಾಪಾರ ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದು ಕಡೆ ಮೊಬೈಲಿನಲ್ಲಿ ಒತ್ತಿದರೆ ಮನೆಬಾಗಿಲಿಗೆ ಬರುವ ಸಾಮಾನು, ಇನ್ನೊಂದು ಕಡೆ ಮದುವೆ ಕಾಗದದ ಕೆಳಗೆ "ನಿಮ್ಮ ಆಶೀರ್ವಾದವೇ ನಮಗೆ ಉಡುಗೊರೆ" ಎಂದು ಅಚ್ಚು ಹಾಕಿಸುವ ಹೊಸ ಆದರ್ಶವಾದಿಗಳು. ಆಶೀರ್ವಾದಕ್ಕೆ ಮಾರ್ಜಿನ್ ಇಲ್ಲ. ಇಂಥ ಹೊತ್ತಿನಲ್ಲಿ ಗ್ರಾಹಕರು ಇನ್ನೂ ನನ್ನ ಮೆಟ್ಟಿಲು ಹತ್ತುತ್ತಿದ್ದುದು ಆ ಒಂದು ವಾಕ್ಯಕ್ಕಾಗಿ. ಅದು ಹೋದರೆ ಅಂಗಡಿಯಲ್ಲಿ ಉಳಿಯುವುದು ಬರೀ ಪಾತ್ರೆ. ಪಾತ್ರೆ ಎಲ್ಲಿಯೂ ಸಿಗುತ್ತದೆ.

ಹೀಗಿರುವಾಗ ಕಳೆದ ವರ್ಷ ಸಮುದ್ರದಾಚೆಯ ಒಂದು ಕಂಪೆನಿ ಅನ್ನದ ಕುಕ್ಕರಿನೊಂದಿಗೆ ನಮ್ಮ ಕರಾವಳಿಗೆ ಬಂತು. ಅದರ ಕಡೆಯಿಂದ ನನ್ನ ಅಂಗಡಿಗೆ ಬಂದವರು ಬಸವರಾಜ ಎಂಬವರು, ಬಾಗಲಕೋಟೆ ಕಡೆಯವರು, ಮಣಿಪಾಲದಲ್ಲಿ ಕೋಣೆ ಮಾಡಿಕೊಂಡು ನಮ್ಮ ಜಿಲ್ಲೆಯ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದರು. "ಸಾವಕಾರ್ರ, ನಿಮ್ಮಂಥಾ ಅನುಭವಸ್ಥರು ನಮ್ಮ ಕಂಪನಿಗೆ ಬೇಕ್ರೀ" ಎಂದು ಕೈಮುಗಿದರು. ನಮ್ಮಲ್ಲಿ ಯಾರೂ ನನ್ನನ್ನು ಸಾಹುಕಾರ ಎಂದು ಕರೆದದ್ದಿಲ್ಲ. ಹೆಚ್ಚೆಂದರೆ ಶೆಟ್ರೆ, ಸಿಟ್ಟು ಬಂದರೆ ಎಂತ ಮಾರಾಯ್ರೆ. ಆ ಒಂದು ಶಬ್ದಕ್ಕೇ ನಾನು ಒಂದೈದು ಶೇಕಡಾ ಇಳಿದುಬಿಟ್ಟೆ ಎಂದು ಈಗ ಅನಿಸುತ್ತದೆ.

ಮಣಿಪಾಲದ ದೊಡ್ಡ ಹೋಟೆಲಿನಲ್ಲಿ ಸಭೆ. ಪರದೆಯ ಮೇಲೆ ಎಲ್ಲಿಂದಲೋ ಒಬ್ಬ ಸಾಹೇಬರು ಕಾಣಿಸಿಕೊಂಡು, ವೇಗವಾಗಿ ಬದಲಾಗುತ್ತಿರುವ ಏಷ್ಯಾದ ಗ್ರಾಹಕನ ಬಗ್ಗೆ ಒಂದು ಗಂಟೆ ಮಾತನಾಡಿದರು. ಹಿಂದೆ ಏಷ್ಯಾದ ನಕ್ಷೆ, ಎಲ್ಲ ದೇಶಕ್ಕೂ ಒಂದೇ ಹಸಿರು ಬಣ್ಣ, ಮೇಲೆ ದಪ್ಪಕ್ಷರದಲ್ಲಿ "ಏಷ್ಯಾ ಎಂದರೆ ಅನ್ನ." ಈ ಗ್ರಾಹಕನಿಗೆ ಸಮಯ ಇಲ್ಲವಂತೆ, ತಾಳ್ಮೆ ಇಲ್ಲವಂತೆ, ಒಲೆಯ ಮುಂದೆ ನಿಲ್ಲುವುದು ಬೇಡವಂತೆ, ಕುಕ್ಕರು ತನ್ನೊಡನೆ ಮಾತನಾಡಬೇಕಂತೆ. ನನ್ನ ಪಕ್ಕ ಕೂತಿದ್ದ ಉಡುಪಿಯ ವ್ಯಾಪಾರಿ ಒಬ್ಬರು, "ಮನೆಯಲ್ಲಿ ಮಾತನಾಡುವವರು ಈಗಲೇ ಜಾಸ್ತಿ ಉಂಟಲ್ವಾ" ಎಂದು ಗೊಣಗಿ ನಿದ್ದೆ ಮಾಡಿದರು. ನಾನು ನಿದ್ದೆ ಮಾಡಲಿಲ್ಲ. ಅದೂ ತಪ್ಪಾಯಿತು.

ಆಮೇಲೆ ಊಟ. ಅದೇ ಕುಕ್ಕರಿನಲ್ಲಿ, ನಮ್ಮ ಕಣ್ಣೆದುರೇ ಮಾಡಿದ ಅನ್ನ. ಮಲ್ಲಿಗೆ ಹೂವಿನಂತೆ ಬಿಳಿ, ಬಿಡಿ ಬಿಡಿ. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೊರಗಿನವರಿಗಾಗಿ ಹೇಳಬೇಕು. ನಮ್ಮಲ್ಲಿ ದಿನದ ಊಟ ಕುಚ್ಚಲಕ್ಕಿಯದ್ದು, ಭತ್ತವನ್ನೇ ಒಮ್ಮೆ ಬೇಯಿಸಿ ಒಣಗಿಸಿ ಮಾಡಿದ ಕೆಂಪು ದಪ್ಪ ಅಕ್ಕಿ. ಅದು ಹೊಟ್ಟೆಗೆ. ಬಿಳಿ ಅಕ್ಕಿಗೆ ನಾವು ಬೆಳ್ತಿಗೆ ಎನ್ನುತ್ತೇವೆ, ಅದು ಮರ್ಯಾದೆಗೆ. ಪೂಜೆ, ಮದುವೆ, ದೇವಸ್ಥಾನದ ಊಟ, ದೂರದ ನೆಂಟರು, ಹೊಸ ಅಳಿಯ, ಇವರಿಗೆಲ್ಲ ಬೆಳ್ತಿಗೆ. ಎರಡನೆಯ ಸಲ ಬಂದ ಅಳಿಯನಿಗೆ ಕುಚ್ಚಲು ಬಡಿಸಿದರೆ ಅವನು ಮನೆಯವನಾದ ಎಂದರ್ಥ. ಹಾಗಾಗಿ ಕಂಪೆನಿಯವರು ನನಗೆ ಬೆಳ್ತಿಗೆ ಬಡಿಸಿದಾಗ ನನಗೆ ಅದರಲ್ಲಿ ಏನೂ ಸಂಶಯ ಬರಲಿಲ್ಲ. ಕರೆದು ಕೂರಿಸಿದ ಅತಿಥಿಗೆ ಮತ್ತೆ ಎಂತ ಬಡಿಸುವುದು? ಒಳ್ಳೆಯ ಸಂಸ್ಕಾರದ ಕಂಪೆನಿ ಎಂದುಕೊಂಡು ಎರಡನೆಯ ಸಲವೂ ಹಾಕಿಸಿಕೊಂಡೆ. ಈ ಯಂತ್ರಕ್ಕೆ ಬೇರೆ ಅಕ್ಕಿ ಗೊತ್ತೇ ಇಲ್ಲ ಎಂಬ ಯೋಚನೆ, ದೇವರಾಣೆ, ಪಾಯಸದವರೆಗೂ ಬರಲಿಲ್ಲ. ಪಾಯಸದ ನಂತರ ಯೋಚನೆ ಬರುವುದು ಹೇಗೂ ಕಷ್ಟ.

ನಂತರ ಚೌಕಾಶಿ. ಅದು ನನ್ನ ಜೀವನದ ಶ್ರೇಷ್ಠ ಚೌಕಾಶಿ. ಕುಕ್ಕರನ್ನು ನೋಡದೆ ಹೋಟೆಲಿನ ಪರದೆಯ ಬಟ್ಟೆಯನ್ನು ನೋಡುತ್ತಾ ಕೂತೆ. ಐದು ಸಾವಿರದ ಒಂಬೈನೂರು ಎಂದವರನ್ನು ನಾಲ್ಕು ಸಾವಿರದ ಇನ್ನೂರಕ್ಕೆ ತಂದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ, ನಾಲ್ಕು ಊರಿಗೂ ನಾನೊಬ್ಬನೇ ಡೀಲರ್ ಎಂದು ಬರೆಸಿಕೊಂಡೆ. ನಲವತ್ತು ಕುಕ್ಕರ್ ರೊಕ್ಕ ಕೊಟ್ಟು ಎತ್ತಬೇಕು, ಹಿಂದೆ ಕೊಡುವಂತಿಲ್ಲ ಎಂದರು. "ಒಂದು ತಿಂಗಳು ಮನೆಯಲ್ಲಿ ಇಟ್ಟು ನೋಡಿ ಹೇಳ್ತೇನೆ" ಎಂದೆ, ಯಾವತ್ತಿನ ಕ್ರಮ. ಬಸವರಾಜ ತಲೆ ಕೆರೆದುಕೊಂಡು, "ಅಡ್ಡಿಯಿಲ್ರೀ, ಮನ್ಯಾಗ ಕೇಳ್ಕೊಂಡು ಬರ್ರಿ. ಕಾರ್ಕಳದವರೊಬ್ರು ಸಂಜಿಗೆ ಬಂದು ಸಹಿ ಮಾಡ್ತೀನಂದಾರ, ಅವರ್ನ ಒಂದೀಟು ಕೂರಸ್ತೀನಿ" ಎಂದರು. ಇದು ಜಗತ್ತಿನ ಅತ್ಯಂತ ಹಳೆಯ ಸುಳ್ಳು. ನಾನೇ ಇದನ್ನು ವಾರಕ್ಕೆ ಮೂರು ಸಲ ಹೇಳುತ್ತೇನೆ. ಹೇಳುವವರಿಗೆ ಕೇಳಿಸಿಕೊಂಡು ಅಭ್ಯಾಸ ಇರುವುದಿಲ್ಲ. ಪೆನ್ನು ತೆಗೆದು ಸಹಿ ಮಾಡಿದೆ. ಪೆನ್ನು ಅವರದ್ದು, ಅದನ್ನೂ ಕಿಸೆಗೆ ಹಾಕಿಕೊಂಡು ಬಂದೆ.

ನಲವತ್ತು ಪೆಟ್ಟಿಗೆ ಅಂಗಡಿಗೆ ಇಳಿದ ದಿನ ಒಂದನ್ನು ಮನೆಗೆ ತಂದೆ. ಸುಮತಿ ಅದನ್ನು ಸುತ್ತು ಬಂದು ನೋಡಿ, ಒಂದು ಸೇರು ಕುಚ್ಚಲಕ್ಕಿ ತೊಳೆದು ಹಾಕಿ ಗುಂಡಿ ಒತ್ತಿದಳು. ಯಂತ್ರ ಒಂದು ಹಾಡು ಹಾಡಿತು. ಮೂವತ್ತು ನಿಮಿಷಕ್ಕೆ ಇನ್ನೊಂದು ಹಾಡು ಹಾಡಿ, ಊಟವನ್ನು ಸಂತೋಷದಿಂದ ಮಾಡಿರಿ ಎಂದು ಇಂಗ್ಲಿಷಿನಲ್ಲಿ ಹಾರೈಸಿತು. ಮುಚ್ಚಳ ತೆಗೆದು ಸುಮತಿ ನಾಲ್ಕು ಅಗುಳನ್ನು ಬೆರಳಲ್ಲಿ ಹಿಸುಕಿದಳು. ಅಗುಳು ನಲುಗಲಿಲ್ಲ, ಬೆರಳು ನಲುಗಿತು.

"ಇದು ಎಂತ? ಅಕ್ಕಿ ಬಿಸಿನೀರಿನಲ್ಲಿ ಮಿಂದು ಬಂದದ್ದಾ?" ಎಂದಳು.

"ನೀರು ಸ್ವಲ್ಪ ಜಾಸ್ತಿ ಇಡು" ಎಂದೆ, ತಜ್ಞನಂತೆ.

ಜಾಸ್ತಿ ಇಟ್ಟಳು. ಕುಚ್ಚಲಕ್ಕಿ ಬೇಯಲು ಬೇಕಾದಷ್ಟು ನೀರು ಕುದಿಯಲು ಒಳ್ಳೆಯ ಎತ್ತರದ ಪಾತ್ರೆ ಬೇಕು, ಆಮೇಲೆ ಗಂಜಿ ತಿಳಿ ಬಸಿಯಬೇಕು. ಯಂತ್ರ ಮೂಗು ಬಾಯಿ ಎರಡರಲ್ಲೂ ಗಂಜಿ ಕಾರಿತು. ಗಂಜಿ ಕಟ್ಟೆಯಿಂದ ಇಳಿದು ಫ್ರಿಜ್ಜಿನ ಅಡಿಗೆ ಹೋಯಿತು. ಅದರ ನಡುವೆಯೂ ಹಾಡು ನಿಲ್ಲಲಿಲ್ಲ, ಹಾರೈಕೆಯೂ ತಪ್ಪಲಿಲ್ಲ. ಸುಮತಿ ನೆಲ ಒರೆಸಿ, ತನ್ನ ಹಳೆಯ ಥರ್ಮಲ್ ಡಬ್ಬವನ್ನು ಮುಂದೆ ಎಳೆದಳು. ಒಂದು ಸಲ ಕುದಿಸಿದ ಪಾತ್ರೆಯನ್ನು ಅದರೊಳಗೆ ಇಟ್ಟು ಮುಚ್ಚಿದರೆ ಅನ್ನ ತನ್ನಷ್ಟಕ್ಕೆ ಬೇಯುತ್ತದೆ. ಕರೆಂಟು ಬೇಡ, ಹಾಡು ಬೇಡ. ನಮ್ಮ ಕಡೆ ಮನೆಮನೆಯಲ್ಲೂ ಇರುವುದು ಅದೇ, ಅದನ್ನು ಮಾರಿದವನೂ ನಾನೇ. ಕುಕ್ಕರನ್ನು ಅವಳು ಅಟ್ಟಕ್ಕೆ ಹಾಕಿ, ಉಪಯೋಗಕ್ಕಿಲ್ಲದ ಹಳೆಯ ಚಮಚಗಳನ್ನು ಅದರಲ್ಲಿ ತುಂಬಿಸಿದಳು.

"ಬೇಡ" ಎಂದಳು.

ಹೀಗೆ ನನ್ನ ಅಂಗಡಿಯ ಇತಿಹಾಸದಲ್ಲಿ ಮೊದಲ ಬಾರಿಗೆ, "ನಮ್ಮ ಮನೆಯಲ್ಲೂ ಇದೇ ಉಂಟು" ಎಂದು ಹೇಳಲಾಗದ ವಸ್ತು ಒಂದಲ್ಲ, ಮೂವತ್ತೊಂಬತ್ತು, ಗೋಡೆಯ ಉದ್ದಕ್ಕೂ ಕೂತು ನನ್ನನ್ನು ನೋಡತೊಡಗಿತು.

ಬಸವರಾಜರನ್ನು ಫೋನು ಮಾಡಿ ಮನೆಗೆ ಕರೆಸಿದೆ. ಸುಮತಿ ಒಂದು ಮುಷ್ಟಿ ಕುಚ್ಚಲಕ್ಕಿ ತಂದು ಅವರ ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಇದು ಅಕ್ಕಿ ಏನ್ರೀ? ನಾ ಯಾವ್ದೋ ಬ್ಯಾಳಿ ಅನ್ಕೊಂಡೆ."

"ಬೇಳೆಯಾದ್ರೆ ಇಷ್ಟು ಹೊತ್ತಿಗೆ ಬೇಯ್ತಿತ್ತು" ಎಂದಳು ಸುಮತಿ. "ನೀವು ಇಲ್ಲಿಗೆ ಬಂದು ಎಷ್ಟು ಸಮಯ ಆಯ್ತು?"

"ಎಂಟು ತಿಂಗಳಾತ್ರೀ ಅಕ್ಕಾರ."

"ಎಂಟು ತಿಂಗಳು ಊಟಕ್ಕೆ ಎಂತ ಮಾಡಿದ್ರಿ?"

"ಮಣಿಪಾಲದಾಗ ನಮ್ಮ ಕಡಿಯವರದ್ದು ಖಾನಾವಳಿ ಐತ್ರೀ. ಜ್ವಾಳದ ರೊಟ್ಟಿ."

ಅಂದರೆ ನೋಡಿ, ಅಕ್ಕಿ ಉಣ್ಣದ ಮನುಷ್ಯ, ಅಕ್ಕಿಯ ಯಂತ್ರವನ್ನು, ಬೇರೆ ಅಕ್ಕಿ ಉಣ್ಣುವವರಿಗೆ ಮಾರಲು ಬಂದಿದ್ದ. ಕೊಂಡವನು ಎರಡೂ ಅಕ್ಕಿ ಉಂಡು ಬೆಳೆದ ನಾನು. ಇದರಲ್ಲಿ ಬುದ್ಧಿವಂತ ಯಾರು ಎಂದು ನೀವೇ ಹೇಳಿ. ಬೇಡ, ಹೇಳಬೇಡಿ.

ಬಸವರಾಜ ಒಳ್ಳೆಯವರೇ. ವಿಷಯವನ್ನು ಇದ್ದಂತೆ ಮೇಲಕ್ಕೆ ಬರೆದರು. ಮೇಲಿನಿಂದ ಬಂದ ಉತ್ತರದಲ್ಲಿ ಕುಕ್ಕರ್ ಬದಲಾಯಿಸುವ ಮಾತಿರಲಿಲ್ಲ, ತಂತ್ರ ಬದಲಾಯಿಸುವ ಮಾತಿತ್ತು. ಗ್ರಾಹಕರಿಗೆ ಶಿಕ್ಷಣ ಕೊಡಬೇಕಂತೆ. ಎಂದರೆ ತಲೆತಲಾಂತರದಿಂದ ಕುಚ್ಚಲು ಉಣ್ಣುವವರನ್ನು ಬೆಳ್ತಿಗೆಗೆ ತರಬೇಕು. ಕಾಪುವಿನಲ್ಲಿ ದಿನಾ ಬೆಳ್ತಿಗೆ ಉಣ್ಣಿ ಎಂದರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಾರೆ. ಎರಡು ವಾರಕ್ಕೆ ಆ ತಂತ್ರ ಹೋಗಿ ರೀಲ್ಸ್ ಬಂತು. ಮಣಿಪಾಲದಲ್ಲಿ ಓದುವ ಒಬ್ಬಳು ಹುಡುಗಿ ನಮ್ಮ ಲೈಟ್‌ಹೌಸಿನ ಬಂಡೆಯ ಮೇಲೆ ಕುಕ್ಕರ್ ಹಿಡಿದುಕೊಂಡು ಕುಣಿದಳು. ವೈರು ಗಾಳಿಗೆ ಹಾರುತ್ತಿತ್ತು. ಸ್ಥಳೀಯತೆ ಬೇಕೆಂದು ನನ್ನನ್ನೂ ಹಿಂದೆ ನಿಲ್ಲಿಸಿ, ಆಶ್ಚರ್ಯಪಡಿ ಎಂದರು. ನಾನು ಪಟ್ಟೆ. ತುಂಬ ಜನ ನೋಡಿದರು, ತುಂಬ ಜನ ಬರೆದರು. ಎಲ್ಲರೂ ಕೇಳಿದ್ದು ಹುಡುಗಿಯ ದುಪಟ್ಟಾ ಎಲ್ಲಿಯದು ಎಂದು.

ಆಮೇಲೆ ಸರ್ವೆ. ಟ್ಯಾಬ್ ಹಿಡಿದ ಇಬ್ಬರು ಕಲ್ಯಾಣಪುರದ ಮನೆಗಳಿಗೆ ಹೋದರು. ಬಿಸಿಲಿಗೆ ಬಂದವರಿಗೆ ಎಲ್ಲ ಮನೆಯಲ್ಲೂ ನೀರು ಬೆಲ್ಲ ಕೊಟ್ಟು, ಫ್ಯಾನ್ ಹಾಕಿ ಕೂರಿಸಿ, ಅವರು ತೋರಿಸಿದ ಚಿತ್ರ ನೋಡಿ, ಒಳ್ಳೆಯದುಂಟು ಎಂದರು. ಮನೆಗೆ ಬಂದವರ ಮುಖಕ್ಕೆ ನಿಮ್ಮ ಸಾಮಾನು ಬೇಡ ಎಂದು ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಮಾರುಕಟ್ಟೆ ಕಾತರದಿಂದ ಕಾಯುತ್ತಿದೆ ಎಂದು ವರದಿ ಹೋಯಿತು. ಅದರ ಸಂತೋಷಕ್ಕೆ ಕಂಪೆನಿ ಆಳೆತ್ತರದ ಒಂದು ಬೋರ್ಡು ಕಳುಹಿಸಿತು, ಅದರಲ್ಲಿ ಯಾವುದೋ ದೇಶದ ಕುಟುಂಬವೊಂದು ಕುಕ್ಕರನ್ನು ನೋಡಿ ನಗುತ್ತಿತ್ತು. ಕೊನೆಗೆ ಬಂದದ್ದು ಪ್ರೀಮಿಯಂ ತಂತ್ರ: ಅಗ್ಗವಾದದ್ದರಿಂದ ಯಾರೂ ಕೊಳ್ಳುತ್ತಿಲ್ಲ, ಬೆಲೆ ಏರಿಸಿ. ಏರಿಸಿದೆ. ಮೊದಲು ಕಡಿಮೆ ಬೆಲೆಗೆ ಬೇಡವಾಗಿದ್ದದ್ದು ಈಗ ಹೆಚ್ಚು ಬೆಲೆಗೆ ಬೇಡವಾಯಿತು. ಏಷ್ಯಾದ ಮಾರುಕಟ್ಟೆ ವೇಗವಾಗಿ ಬದಲಾಗುತ್ತದೆ ಎಂದು ಸಾಹೇಬರು ಹೇಳಿದ್ದು ಸುಳ್ಳಲ್ಲ. ಬದಲಾಗುತ್ತಿದ್ದದ್ದು ಅವರ ಇಮೇಲು ಮಾತ್ರ; ಕಾಪುವಿನ ಹೆಂಗಸರು ಆಗಲೂ ಗಂಜಿ ಬಸಿಯುತ್ತಿದ್ದರು.

ಐದನೆಯ ತಿಂಗಳಲ್ಲಿ ವಾರಿಜಾ ಟೀಚರ್ ಬಂದರು. ಉದ್ಯಾವರದವರು, ಅಲ್ಲಿನ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಇಪ್ಪತ್ತು ವರ್ಷದಿಂದ ನನ್ನ ಗಿರಾಕಿ. ಅವರು ಚೌಕಾಶಿ ಮಾಡುವುದಿಲ್ಲ. ಹೇಳಿದ ಬೆಲೆ ಕೊಟ್ಟು ಹೋಗುತ್ತಾರೆ. ಇಂಥವರು ವ್ಯಾಪಾರಿಗೆ ದೊಡ್ಡ ತೊಂದರೆ. ಅವರು ಇಳಿಸುವುದಿಲ್ಲವಾದ್ದರಿಂದ ನಾವೇ ಇಳಿಸಿ ಹೇಳಬೇಕಾಗುತ್ತದೆ.

"ಶೆಟ್ರೆ, ನನ್ನ ಮಂಡಿಗೆ ಈಗ ನಿಂತು ಗಂಜಿ ಬಸಿಯುವುದು ಆಗುವುದಿಲ್ಲ" ಎಂದರು. "ಇದು ಎಂತದು, ಒಳ್ಳೆದುಂಟಾ?"

"ಒಳ್ಳೆದುಂಟು ಟೀಚರ್. ಹಾಡ್ತದೆ."

"ಹಾಡುವುದು ಬಿಡಿ. ನಿಮ್ಮ ಮನೆಯಲ್ಲೂ ಇದೇ ಉಂಟಾ?"

ಗೋಡೆಯ ಉದ್ದಕ್ಕೆ ಮೂವತ್ತೊಂಬತ್ತು ಪೆಟ್ಟಿಗೆಗಳು. ಅಟ್ಟದ ಮೇಲೆ ನಲವತ್ತನೆಯದು, ಚಮಚ ತುಂಬಿಕೊಂಡು. ಮನೆಯಲ್ಲಿ ಉಂಟೋ ಇಲ್ಲವೋ ಎಂದರೆ ಉಂಟು. ಕೋರ್ಟಿನಲ್ಲಿ ಕೇಳಿದರೂ ಹಾಗೆಯೇ ಹೇಳಬಹುದು. "ಉಂಟು ಟೀಚರ್" ಎಂದೆ.

"ಹಾಗಾದ್ರೆ ಸಾಕು" ಎಂದರು. ನಾಲ್ಕು ಸಾವಿರದ ಇನ್ನೂರು ಎಂದೆ, ನನ್ನ ಅಸಲು. ಒಂದು ಪೈಸೆ ಲಾಭ ಇಟ್ಟುಕೊಳ್ಳಲಿಲ್ಲ. ಲಾಭ ಇಲ್ಲದೆ ಹೇಳಿದ ಸುಳ್ಳು ಅರ್ಧ ಪುಣ್ಯ ಎಂಬ ಭಾವನೆ ನನಗೆ ಆಗ ಇತ್ತು.

ನಾಲ್ಕು ದಿನ ಬಿಟ್ಟು ಕಾರ್ಕಳದಲ್ಲಿ ಒಂದು ಮದುವೆ. ಛತ್ರದ ಊಟದ ಪಂಕ್ತಿಯಲ್ಲಿ ಸುಮತಿ ಒಂದು ಕಡೆ, ಅವಳ ಪಕ್ಕ ವಾರಿಜಾ ಟೀಚರ್. ಎದುರಿನ ಸಾಲಿನಲ್ಲಿ ನಾನು. ಅನ್ನ ಬಡಿಸುತ್ತಾ ಬಂದರು. ಟೀಚರ್ ಬಗ್ಗಿ ಮೆಲ್ಲಗೆ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಐವತ್ತು ಮಕ್ಕಳಿಗೆ ಪಾಠ ಮಾಡಿದವರ ಮೆಲ್ಲಗೆ ಎಂದರೆ ಅಷ್ಟೇ.

"ಸುಮತಿ, ನೀನು ಅದರಲ್ಲಿ ಕುಚ್ಚಲಿಗೆ ಎಷ್ಟು ಲೋಟ ನೀರು ಇಡುವುದು? ನಾಲ್ಕು ದಿನದಿಂದ ನನಗೆ ಸರಿ ಆಗ್ತಾ ಇಲ್ಲ. ನನ್ನದೇ ಎಂತದೋ ತಪ್ಪಿರಬೇಕು."

"ಯಾವುದರಲ್ಲಿ ಟೀಚರ್?"

"ಅದೇ, ಹಾಡುವ ಕುಕ್ಕರ್. ನಿಮ್ಮ ಮನೆಯಲ್ಲೂ ಅದೇ ಅಂತ ಶೆಟ್ರು ಹೇಳಿದ್ರು."

ಸುಮತಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಉಪ್ಪಿನಕಾಯಿಯನ್ನು ನೋಡಿದೆ. "ಅದರಲ್ಲಿ ನಾನು ಹಳೇ ಚಮಚ ಇಟ್ಟದ್ದು ಟೀಚರ್" ಎಂದಳು. "ಕುಚ್ಚಲು ಅದರಲ್ಲಿ ಬೇಯುವುದಿಲ್ಲ. ನಿಮ್ಮದು ಎಂತ ತಪ್ಪೂ ಇಲ್ಲ."

ಟೀಚರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅನ್ನಕ್ಕೆ ಸಾರು ಹಾಕಿಸಿಕೊಂಡರು. ಬೈದಿದ್ದರೆ ಒಂದು ಉತ್ತರ ಹೇಳಬಹುದಿತ್ತು. ಹಿಂದೆ ಬರುವಾಗ ಬೆಳ್ಮಣ್ ದಾಟಿದ ಮೇಲೆ ಸುಮತಿ ಹೇಳಿದ್ದು ಇಷ್ಟೇ: "ಮೋಸ ಮಾಡಿದ್ದು ಬೇರೆ. ಅವರು ತಮ್ಮ ಕೈಗುಣವೇ ಹೋಯ್ತು ಎಂದುಕೊಂಡು ನಾಲ್ಕು ದಿನ ಬೇಯದ ಅನ್ನ ತಿಂದಿದ್ದಾರೆ."

ಮರುದಿನ ಬೆಳಿಗ್ಗೆ ಹಣ ತೆಗೆದುಕೊಂಡು ಉದ್ಯಾವರಕ್ಕೆ ಹೋದೆ. ಸೈಕಲಿನ ಕಾಲದ ನಂತರ ಗಿರಾಕಿಯ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಟೀಚರ್ ನೀರು ಬೆಲ್ಲ ತಂದಿಟ್ಟರು, ಹಣ ತೆಗೆದುಕೊಂಡರು, ಒರೆಸಿ ಪೆಟ್ಟಿಗೆಗೆ ಹಾಕಿಟ್ಟಿದ್ದ ಕುಕ್ಕರನ್ನು ಕೊಟ್ಟರು. "ನಾನು ಅಂಗಡಿಗೆ ಬರುವುದು ನಿಲ್ಲಿಸುವುದಿಲ್ಲ ಶೆಟ್ರೆ. ಆದರೆ ಇನ್ನು ಸುಮತಿಗೆ ಫೋನ್ ಮಾಡಿ ಕೇಳಿಯೇ ಬರುವುದು."

ನನ್ನ ರಕ್ತದಲ್ಲಿರುವುದು ಚೌಕಾಶಿ. "ಇಪ್ಪತ್ತು ವರ್ಷದಲ್ಲಿ ಒಂದು ತಪ್ಪು ಟೀಚರ್" ಎಂದೆ.

"ಹೌದು. ಲೆಕ್ಕದಲ್ಲಿ ಒಂದು ಕಡೆ ತಪ್ಪಿದರೂ ಉತ್ತರ ತಪ್ಪೇ ಅಲ್ವಾ" ಎಂದರು, ಸ್ವಲ್ಪವೂ ಕೋಪವಿಲ್ಲದೆ.

ಹಿಂದೆ ಬಂದು ನೋಡಿದರೆ ಅಂಗಡಿಯಲ್ಲಿ ನನ್ನ ಕುರ್ಚಿಯ ಮೇಲೆ ಸುಮತಿ. ಮದುವೆಯಾದಂದಿನಿಂದ ಅಂಗಡಿಯ ಒಳಗೆ ಕೂತವಳಲ್ಲ. ಕಂಪೆನಿಯ ಆಳೆತ್ತರದ ಬೋರ್ಡನ್ನು ತಿರುಗಿಸಿ ನಿಲ್ಲಿಸಿ, ನಗುವ ಕುಟುಂಬದ ಬೆನ್ನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿದ್ದಳು: "ಇದರಲ್ಲಿ ಬೆಳ್ತಿಗೆ ಬೇಯುತ್ತದೆ. ಕುಚ್ಚಲು ಬೇಯುವುದಿಲ್ಲ."

ಅಂಗಡಿಗೆ ಬಂದ ಬಸವರಾಜ ಅದನ್ನು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅಕ್ಕಾರ, ಹಿಂಗ ಬರದ್ರ ಕಂಪನಿ ನನ್ನ ಮನಿಗೆ ಕಳಸ್ತದ್ರೀ."

"ನಿಮ್ಮ ಮನೆಯಲ್ಲಿ ಅನ್ನ ಮಾಡುವುದು ಯಾವ ಅಕ್ಕಿಯದ್ದು?"

"ಬಿಳಿ ಅಕ್ಕೀದ್ರೀ."

"ನಿಮ್ಮ ಕಡೆಯವರು ಮಣಿಪಾಲದಲ್ಲಿ ಎಷ್ಟು ಜನ ಇದ್ದಾರೆ?"

ಬಸವರಾಜ ಬೆರಳು ಮಡಚಿ ಎಣಿಸತೊಡಗಿದರು. ಮಣಿಪಾಲದ ಬಿಲ್ಡಿಂಗುಗಳನ್ನೆಲ್ಲ ಕಟ್ಟಿದವರು ಯಾರು ಎಂದುಕೊಂಡಿದ್ದೀರಿ? ಬಾಗಲಕೋಟೆ, ಗದಗ, ಕೊಪ್ಪಳದವರು. ಕಬ್ಬಿಣ ಹೊತ್ತು ಬಂದು, ಬಾಡಿಗೆ ಕೋಣೆಯಲ್ಲಿ ಗ್ಯಾಸಿಗೆ ಪರದಾಡಿ ಬಿಳಿ ಅನ್ನ ಬೇಯಿಸಿಕೊಳ್ಳುವವರು. ಕಂಪೆನಿಯ ಹಸಿರು ನಕ್ಷೆಯಲ್ಲಿ ಅವರಿರಲಿಲ್ಲ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ದಿನಾ ಅವರ ನಡುವಿನಿಂದಲೇ ಸ್ಕೂಟರ್ ಓಡಿಸಿಕೊಂಡು ಹೋಗಿದ್ದರೂ.

ಮುಂದಿನ ಆದಿತ್ಯವಾರ ಬಸವರಾಜರ ಮಾತಿಗೆ ಮಣಿಪಾಲದಿಂದ ಗೌರವ್ವ ಎಂಬ ಹೆಂಗಸು ಹನ್ನೊಂದು ಜನರನ್ನು ಕಟ್ಟಿಕೊಂಡು ಬಂದಳು. ಸುಮತಿ ಅವಳ ಎದುರೇ ಬಿಳಿ ಅಕ್ಕಿ ಹಾಕಿ ಅನ್ನ ಮಾಡಿ ತೋರಿಸಿ, ಏನು ಬೇಯುತ್ತದೆ, ಏನು ಬೇಯುವುದಿಲ್ಲ ಎಂದು ಎರಡೆರಡು ಸಲ ಹೇಳಿದಳು. ಗೌರವ್ವ ಅನ್ನ ತಿಂದು, ಕುಕ್ಕರನ್ನು ಬಿಟ್ಟು, ಪ್ಲಾಸ್ಟಿಕ್ ಬುಟ್ಟಿಗಳ ಕಡೆ ನೋಡುತ್ತಾ ನಿಂತಳು. ಆ ವಿದ್ಯೆಯ ಗುರುತು ನನಗೆ ಆಗಲೇ ಸಿಕ್ಕಿತು. ಬೆಲೆ ಹೇಳಿದೆ. ಅವಳು ಉತ್ತರ ಕೊಡದೆ ಹೊರಗೆ ಹೋಗಿ ಆಕಾಶ ನೋಡಿದಳು.

"ಎರಡು ಸಾವಿರ" ಎಂದಳು ಒಳಗೆ ಬಂದು.

"ನನ್ನ ಅಸಲೇ ನಾಲ್ಕು ಸಾವಿರದ ಇನ್ನೂರು ಉಂಟಮ್ಮ."

"ಅಷ್ಟು ಕೊಟ್ಟು ಯಾಕ ತಂದ್ರಿ ಯಜಮಾನ್ರ? ಯಾರೂ ಹೇಳವರು ಇರಲಿಲ್ಲೇನ್ರಿ?"

ಸುಮತಿ ಕುರ್ಚಿಯಲ್ಲಿ ಕೆಮ್ಮಿದಳು. ಕೊನೆಗೆ ಒಂದಕ್ಕೆ ಎರಡು ಸಾವಿರದ ಆರುನೂರು, ಹನ್ನೆರಡು ಕುಕ್ಕರಿಗೆ ಹನ್ನೆರಡು ಬಾಲ್ದಿ ಉಚಿತ. ಹೋಗುವಾಗ, "ಈ ಹಾಡು ಬಂದ್ ಮಾಡಿ ಕೊಡ್ರಿ, ಕೂಸು ಮಲಗಿರ್ತದ" ಎಂದಳು. ಬಸವರಾಜ ಒಂದೊಂದಾಗಿ ಹನ್ನೆರಡರ ಹಾಡನ್ನೂ ನಿಲ್ಲಿಸಿಕೊಟ್ಟರು. ಎರಡು ತಿಂಗಳಲ್ಲಿ ಉಳಿದದ್ದೂ ಹೋಯಿತು, ಅದೇ ಬೆಲೆಗೆ. ಬಾಲ್ದಿಯ ಸುದ್ದಿ ಕೋಣೆಯಿಂದ ಕೋಣೆಗೆ ಮೊದಲೇ ತಲುಪಿತ್ತು.

ಕಂಪೆನಿ ಮತ್ತೊಮ್ಮೆ ಮಣಿಪಾಲದಲ್ಲಿ ಸಭೆ ಕರೆಯಿತು. ಪರದೆಯ ಸಾಹೇಬರು ಉಡುಪಿಯ ಯಶಸ್ಸನ್ನು ಇಡೀ ಏಷ್ಯಾಕ್ಕೆ ತೋರಿಸಿದರು. ಕಾರಣ ಎರಡಂತೆ: ಬಂಡೆಯ ಮೇಲಿನ ರೀಲ್ಸ್ ಮತ್ತು ಪ್ರೀಮಿಯಂ ಬೆಲೆ. ಬಸವರಾಜರಿಗೆ ಬಡ್ತಿ ಸಿಕ್ಕಿತು. ಅವರು ಎದ್ದು ನಿಂತು, ಕಾಪುವಿನ ಅಕ್ಕನವರು ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ಹೇಳಿದರು. ಪರದೆಯಲ್ಲಿ ಧ್ವನಿ ಕೇಳಿಸಲಿಲ್ಲವಂತೆ.

ಅಂಗಡಿ ಈಗಲೂ ನಡೆಯುತ್ತಿದೆ, ಮೊದಲಿಗಿಂತ ಚೆನ್ನಾಗಿಯೇ. ಬಂದವರು ನನ್ನ ತಲೆಯ ಮೇಲಿನಿಂದ ಒಳಗೆ ಇಣುಕಿ, "ಸುಮತಿ ಅಕ್ಕ ಇಲ್ವಾ?" ಎನ್ನುತ್ತಾರೆ. ಇಲ್ಲ ಎಂದರೆ, ಮತ್ತೆ ಬರ್ತೇವೆ ಎಂದು ಹೋಗುತ್ತಾರೆ. ನನ್ನ ಕೆಲಸ ಈಗ ಧೂಳು ಹೊಡೆಯುವುದು, ಪೆಟ್ಟಿಗೆ ಕಟ್ಟುವುದು, ಆಟೋದವರೆಗೆ ಹೊತ್ತು ಕೊಡುವುದು. ಆ ಹಳೆಯ ವಾಕ್ಯವನ್ನು ಅವಳೇ ಹೇಳುತ್ತಾಳೆ. ನಾನು ಹೇಳಿದರೆ ಗಿರಾಕಿಗಳು ಅವಳ ಮುಖ ನೋಡುತ್ತಾರೆ.

ಇಷ್ಟು ಖರ್ಚು ಮಾಡಿ ಕಲಿತದ್ದನ್ನು ನಿಮಗೆ ಪುಕ್ಕಟೆ ಕೊಡುತ್ತಿದ್ದೇನೆ, ತೆಗೆದುಕೊಳ್ಳಿ. ಕಂಪೆನಿಯವರು ಊಟಕ್ಕೆ ಕರೆದರೆ ಹೋಗಿ, ಚೆನ್ನಾಗಿ ಉಣ್ಣಿ. ಆದರೆ ಕಿಸೆಯಲ್ಲಿ ನಿಮ್ಮ ಮನೆಯ ಅಕ್ಕಿ ಒಂದು ಮುಷ್ಟಿ ಇರಲಿ, ಅದನ್ನೂ ಬೇಯಿಸಿ ತೋರಿಸಿ ಎನ್ನಿ. ರೊಕ್ಕ ಕೊಡುವವನನ್ನು ಕೇಳಬೇಡಿ, ಒಲೆಯ ಮುಂದೆ ನಿಲ್ಲುವವಳನ್ನು ಕೇಳಿ. ಬೆಲೆ ಎಷ್ಟು ಇಳಿಯಿತು ಎಂದು ಲೆಕ್ಕ ಹಾಕುವ ಮೊದಲು ವಸ್ತು ಬೇಕೋ ಬೇಡವೋ ಎಂದು ಒಮ್ಮೆ ಯೋಚಿಸಿ, ಹಲ್ಲಿನ ವಿಷಯದಲ್ಲಂತೂ ಖಂಡಿತ. ನಿಮ್ಮ ಬೀದಿಯಲ್ಲಿ ಓಡದ ಮಾಲು ಎರಡು ಬೀದಿ ಆಚೆ ಓಡೀತು, ಅಲ್ಲಿಯವರು ಏನು ಉಣ್ಣುತ್ತಾರೆ ಎಂದು ಹೋಗಿ ನೋಡಿ. ಇಷ್ಟಾಗಿಯೂ ಒಂದು ಸುಳ್ಳು ಹೇಳಿ ಮಾರಿಬಿಟ್ಟಿರೋ, ಮರುದಿನ ಬೆಳಿಗ್ಗೆಯೇ ಹೋಗಿ ಹಣ ಹಿಂದೆ ಕೊಟ್ಟು ಬನ್ನಿ, ಮಧ್ಯಾಹ್ನದವರೆಗೆ ಕಾಯಬೇಡಿ. ಹಣದ ಜೊತೆಗೆ ಹೋದ ನಂಬಿಕೆಯನ್ನೂ ಸ್ವಲ್ಪ ಕಡಿಮೆಗೆ ಹಿಂದೆ ಕೊಡುತ್ತಾರೋ ಎಂದು ಮಾತ್ರ ಕೇಳಲು ಹೋಗಬೇಡಿ. ನಾನು ಕೇಳಿ ನೋಡಿದ್ದೇನೆ. ಅದು ಫಿಕ್ಸೆಡ್ ರೇಟ್.